ದಿಂಬಿನವರ ಮನೆಯ ಗೊರಕೆ

ಹಳೆಯ ಹಾಸಿಗೆಯ ಹೊಲಿಗೆ ಬಿಚ್ಚಿ ಒಳಗಿನ ಹತ್ತಿಯನ್ನು ಬಿಸಿಲಿಗೆ ಹರವಿದಾಗ ಒಂದು ವಾಸನೆ ಏಳುತ್ತದೆ. ಧೂಳು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬೆವರು, ಯಾವುದೋ ಕೂಸು ಕಕ್ಕಿದ ಹಾಲು, ಯಾರೋ ಮುದುಕಿ ಜ್ವರದಲ್ಲಿ ಮಲಗಿದ್ದು, ಎಲ್ಲವೂ ಸೇರಿ ಬೆಚ್ಚಗಾಗಿ ಮೂಗಿಗೆ ಬರುವ ವಾಸನೆ. ಮೊನ್ನೆ ತುಮಕೂರಿನಲ್ಲಿ ಶಾಲೆ ಮುಗಿಸಿ ಮನೆಗೆ ನಡೆದು ಬರುತ್ತಿದ್ದಾಗ ಯಾರದೋ ತಾರಸಿಯಿಂದ ಅದು ಇಳಿದು ಬಂತು. ನಾನು ರಸ್ತೆಯ ಮಧ್ಯೆ ನಿಂತೇಬಿಟ್ಟೆ. ಹಿಂದಿನಿಂದ ಬಂದ ಆಟೋದವನು ಹಾರ್ನ್ ಹೊಡೆದು, "ಏನ್ ಮೇಡಂ, ನಿಂತ್ಕಂಡೇ ನಿದ್ದೆನಾ?" ಎಂದು ಗೊಣಗಿಕೊಂಡು ಹೋದ. ನನಗೆ ನಗು ತಡೆಯಲಾಗಲಿಲ್ಲ. ಪಾಪ, ಅವನಿಗೇನು ಗೊತ್ತು! ನಿಂತುಕೊಂಡೇ ನಿದ್ದೆ ಹೋಗುವ ವಿದ್ಯೆ ಚಿಕ್ಕಂದಿನಲ್ಲಿ ನನಗೆ ನಿಜವಾಗಿಯೂ ಬರುತ್ತಿತ್ತು. ಪ್ರಾರ್ಥನೆಯ ಸಾಲಿನಲ್ಲಿ ನಿಂತು ನಿದ್ದೆ ಮಾಡಿದ್ದೇನೆ, ಬಸ್ಸಿನ ಕಂಬಿ ಹಿಡಿದು ನಿದ್ದೆ ಮಾಡಿದ್ದೇನೆ, ಒಂದು ಸಲ ಬಾಯಲ್ಲಿ ಮುದ್ದೆಯ ತುತ್ತು ಇಟ್ಟುಕೊಂಡೇ ನಿದ್ದೆ ಹೋಗಿದ್ದೇನೆ. ಆ ಕಥೆಯನ್ನು ಇವತ್ತು ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲೂ ಹತ್ತಿಯ ಹಾಸಿಗೆ ಇದ್ದಿದ್ದರೆ, ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಹೊಲಿಯಲು ಯಾರಾದರೂ ಅಂಗಳಕ್ಕೆ ಬಂದು ಕೂರುತ್ತಿದ್ದರೆ, ಅದು ನಮ್ಮ ತಾತನೇ ಆಗಿದ್ದರೂ ಆಗಿದ್ದಿರಬಹುದು.

ನಮ್ಮದು ಗುಬ್ಬಿ. ಪಿಂಜಾರರು ನಾವು, ಹತ್ತಿ ಎಕ್ಕಿ ಹಗುರ ಮಾಡುವುದು, ಹಾಸಿಗೆ ದಿಂಬು ತುಂಬಿ ಹೊಲಿಯುವುದು ತಲೆತಲಾಂತರದ ಕಸುಬು. ಅಬ್ಬಾ, ಖಾಲಾ ಎನ್ನುವ ಒಂದಷ್ಟು ಕರೆಗಳನ್ನು ಬಿಟ್ಟರೆ ಮನೆಯ ಮಾತೆಲ್ಲ ಕನ್ನಡವೇ. ಊರಿನವರ ಬಾಯಲ್ಲಿ ನಾವು 'ದಿಂಬಿನವರು'. ಮುಂದೆ ಬೀದಿಗೆ ತೆರೆದುಕೊಂಡ ಅಂಗಡಿ, ಹಿಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ಇದ್ದವರು ತಾತ, ಅಬ್ಬಾ, ಅಮ್ಮ ಮತ್ತು ನಾನು. ಅಬ್ಬಾ ಸೈಕಲ್ಲಿಗೆ ಹತ್ತಿ ಎಕ್ಕುವ ಬಿಲ್ಲು ಕಟ್ಟಿಕೊಂಡು ಚೇಳೂರಿನ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದರು. ತಾತ ಹೆಚ್ಚಾಗಿ ಅಂಗಡಿಯಲ್ಲೇ ಕುಳಿತು ಹತ್ತಿ ಎಕ್ಕುತ್ತಿದ್ದರು. ಆಳೆತ್ತರದ ಮರದ ಬಿಲ್ಲು, ಅದಕ್ಕೆ ಬಿಗಿದ ತಂತಿ. ಕೈಯಲ್ಲಿನ ಮರದ ಗುಂಡಿನಿಂದ ತಂತಿಗೆ ಹೊಡೆದರೆ 'ಡಂಯ್ ಡಂಯ್' ಎನ್ನುವ ಸದ್ದಿನ ಜೊತೆಗೆ ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ಮೇಲೆ ಹಾರುತ್ತಿತ್ತು. ತಾತನ ಹುಬ್ಬು, ಮೀಸೆ, ಗಡ್ಡ ಯಾವುದು ನೆರೆತದ್ದು, ಯಾವುದು ಹತ್ತಿ ಎಂದು ಸಂಜೆ ಮುಖ ತೊಳೆಯುವವರೆಗೂ ಗೊತ್ತಾಗುತ್ತಿರಲಿಲ್ಲ. ಸಾರಿನಲ್ಲಿ ಹತ್ತಿ, ಪುಸ್ತಕದಲ್ಲಿ ಹತ್ತಿ, ಅಮ್ಮನ ಜಡೆಯಲ್ಲಿ ಹತ್ತಿ. ಆ ಮನೆಯಿಂದ ಡಿಗ್ರಿ ಓದಿ, ಬಿ.ಎಡ್. ಮಾಡಿ, ಇವತ್ತು ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುವವಳು ನಾನು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ, ಇನ್ನೊಂದು ಸಲ ಬೇಕಾದರೂ ಹೇಳುತ್ತೇನೆ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸೊಸೆಯಾದವಳು ಮಾವನ ಜೊತೆ ನೇರವಾಗಿ ಮಾತಾಡುವ ಹಾಗಿರಲಿಲ್ಲ. ಯಾರೂ ಬೈದು ಹೇರಿದ್ದಲ್ಲ, ಅಮ್ಮ ಕುಣಿಗಲ್ಲಿನ ತವರಿನಿಂದ ಕಲಿತು ಬಂದ ಮರ್ಯಾದೆ ಅದು. ತಾತನೂ ಅದನ್ನು ಹಾಗೆಯೇ ನಡೆಸಿಕೊಂಡು ಬಂದಿದ್ದರು. ಹಾಗಾಗಿ ಇಬ್ಬರ ಮಾತೂ ಮನೆಯ 'ಅಮ್ಮಣ್ಣಿ'ಯಾದ ನನ್ನ ಮೇಲೆಯೇ ಹಾದು ಹೋಗಬೇಕಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಣ್ಣೀ, ಊಟಕ್ಕೆ ಏಳ್ಬೇಕಂತೆ ಅಂತ ತಾತಂಗೆ ಹೇಳು" ಎನ್ನುತ್ತಿದ್ದಳು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕುಳಿತ ತಾತ ಬಿಲ್ಲು ನಿಲ್ಲಿಸಿ, "ಈ ದಿಂಬೊಂದು ಮುಗುಸ್ಬುಟ್ಟು ಬತ್ತೀನಿ ಅಂತ ಹೇಳು ನಿಮ್ಮಮ್ಮಂಗೆ" ಎನ್ನುತ್ತಿದ್ದರು. ನಾನು ನಡುವೆ ಕುಳಿತು ಬಳಪ ಕಚ್ಚುತ್ತಿದ್ದೆ. ನಾನೇನೂ ಹೇಳಬೇಕಾಗಿರಲಿಲ್ಲ, ಇಬ್ಬರಿಗೂ ಕೇಳಿರುತ್ತಿತ್ತು. ಆದರೆ ನಾನು ಅಲ್ಲಿ ಇರಬೇಕಿತ್ತು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ಬೆಕ್ಕನ್ನು ನಡುವೆ ಇಟ್ಟುಕೊಂಡು ಮಾತಾಡುತ್ತಿದ್ದರು ಎಂದು ಅಬ್ಬಾ ನಗಾಡುತ್ತಿದ್ದರು. ಒಂದು ಸಲ ತಾತ, "ಸಾರು ಬಲೇ ಚಂದಾಗಿತ್ತು ಅಂತ ಹೇಳು" ಎಂದಾಗ ನಾನು ಕೈ ಒಡ್ಡಿ, "ಬೆಲ್ಲ ಕೊಟ್ರೆ ಹೇಳ್ತೀನಿ" ಎಂದಿದ್ದೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಇನ್ನು ನನ್ನ ಗೊರಕೆ. ಮೂರನೇ ಕ್ಲಾಸಿನ ಹುಡುಗಿ, ಒಣಗಿದ ಕಡ್ಡಿಯಂಥ ಮೈ. ಗೊರಕೆ ಮಾತ್ರ ಲಾರಿಯದು. ಮಧ್ಯಾಹ್ನ ಶಾಲೆಯಿಂದ ಬಂದು ಅಂಗಡಿಯ ಮೂಲೆಯ ಹಾಸಿಗೆಯ ಮೇಲೆ ಬಿದ್ದೆನೆಂದರೆ ಬೀದಿಯ ಆಚೆಗೂ ಕೇಳುತ್ತಿತ್ತಂತೆ. ತಾತನಿಗೆ ಅದೇ ಹೆಮ್ಮೆ! ಗಿರಾಕಿ ಬಂದು ಹಾಸಿಗೆಯನ್ನು ಒತ್ತಿ ನೋಡುತ್ತಾ ಅನುಮಾನಿಸಿದರೆ, ನನ್ನ ಕಡೆ ಕೈ ತೋರಿಸುತ್ತಿದ್ದರು. "ಒತ್ತಿ ಏನ್ ನೋಡ್ತೀರಾ ಸ್ವಾಮಿ, ಅಲ್ನೋಡಿ. ನಮ್ ಹಾಸ್ಗೆ ಮ್ಯಾಲೆ ಮಲಗಿದ್ರೆ ಹಿಂಗ್ ನಿದ್ದೆ ಬತ್ತದೆ." ಗಿರಾಕಿ ಬಗ್ಗಿ ನೋಡುತ್ತಿದ್ದ. ನಾನು ಬಾಯಿ ತೆರೆದು, ಕತ್ತು ಹಿಂದಕ್ಕೆ ಚೆಲ್ಲಿ, ಬೆವತು ಒದ್ದೆಯಾಗಿ ಮಲಗಿರುತ್ತಿದ್ದೆ. ವ್ಯಾಪಾರ ಕುದುರುತ್ತಿತ್ತು. ಹಾಸಿಗೆ ಮಾಡುವವರ ಮನೆಯಲ್ಲಿ ಗೊರಕೆ ಎಂದರೆ ಒಳ್ಳೆಯ ನಿದ್ದೆಯ ಗುರುತು. ಅದನ್ನು ರೋಗ ಎಂದು ಯಾರು ತಾನೇ ಅಂದುಕೊಂಡಾರು? ಹಾಸಿಗೆ ಒದ್ದೆ ಮಾಡುವುದನ್ನೂ ನಾನು ಬಿಟ್ಟಿರಲಿಲ್ಲ. ತಾತ ಬೆಳಿಗ್ಗೆ ಆ ಹತ್ತಿಯನ್ನು ಬಿಚ್ಚಿ ಬಿಸಿಲಿಗೆ ಹಾಕುತ್ತಾ, "ಬುಡು, ಪನ್ನೀರು ಚಿಮುಕಿಸವ್ಳೆ" ಎಂದು ನನ್ನ ನಾಚಿಕೆಯನ್ನು ಹಾರಿಸಿಬಿಡುತ್ತಿದ್ದರು.

ಆದರೆ ಗೊರಕೆಯ ನಡುವೆ ಸದ್ದು ನಿಲ್ಲುತ್ತಿತ್ತು. ಎದೆ ಏಳುತ್ತಿತ್ತು, ಪಕ್ಕೆ ಒಳಕ್ಕೆ ಎಳೆಯುತ್ತಿತ್ತು, ಉಸಿರು ಮಾತ್ರ ಇಲ್ಲ. ಆಮೇಲೆ ನೀರಿನಿಂದ ಮೇಲೆದ್ದವಳ ಹಾಗೆ ಒಮ್ಮೆಲೇ ಗಾಳಿ ಎಳೆದುಕೊಂಡು ಮತ್ತೆ ಶುರು. ನಮ್ಮ ಮನೆಯಲ್ಲಿ ಇದಕ್ಕೆ 'ಉಸಿರು ನುಂಗೋದು' ಎಂದು ಹೆಸರಿಟ್ಟಿದ್ದರು. ಅಮ್ಮ ನನ್ನ ಎದೆಯ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದಳು. ಬೆಳಿಗ್ಗೆ ಏಳುವಾಗ ನನಗೆ ತಲೆನೋವು, ಶಾಲೆಯಲ್ಲಿ ತೂಕಡಿಕೆ. ನಮ್ಮ ಟೀಚರು, "ಹಾಸ್ಗೆ ಅಂಗಡಿ ಮುಬೀನಾ, ಹಾಸ್ಗೆ ಇಲ್ಲಿಗೂ ತಂದಿದೀಯೇನಮ್ಮಾ?" ಎಂದರೆ ಇಡೀ ಕ್ಲಾಸು ನಗುತ್ತಿತ್ತು. ಕೂಡಿಸುವ ಲೆಕ್ಕ ಕೂಡ ತಲೆಗೆ ಹೋಗುತ್ತಿರಲಿಲ್ಲ. ದಡ್ಡಿ ಎಂದು ಹೆಸರು ಬಿತ್ತು. ತಾತ ಮಾತ್ರ ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಜಗತ್ತಿನ ಯಾವ ತೊಂದರೆಗಾದರೂ ಕಾರಣ ದಿಂಬೇ. "ದಿಂಬು ಸರಿಯಾಗಿಲ್ಲ, ಅದ್ಕೇ ಉಸಿರು ಸಿಗಾಕ್ಕಂತದೆ" ಎಂದು ತೀರ್ಮಾನಿಸಿ ಹೊಸ ದಿಂಬು ಹೊಲಿದರು. ಅದಾದ ಮೇಲೆ ಇನ್ನೊಂದು. ಗಟ್ಟಿ ದಿಂಬು, ಮೆದು ದಿಂಬು, ನಡುವೆ ಗುಳಿಯಿರುವ ದಿಂಬು, ರಾಗಿ ಹೊಟ್ಟು ತುಂಬಿದ ದಿಂಬು. ಪ್ರತಿಯೊಂದೂ ಹಿಂದಿನದಕ್ಕಿಂತ ಎತ್ತರ. ತಲೆ ಎತ್ತರದಲ್ಲಿದ್ದರೆ ಗಾಳಿ ಸರಾಗವಾಗಿ ಇಳಿಯುತ್ತದೆ ಎನ್ನುವುದು ಅವರ ನಂಬಿಕೆ. ನಾನು ನಿದ್ದೆಯಲ್ಲಿ ದಿಂಬಿನಿಂದ ಜಾರಿ ಕತ್ತು ಹಿಂದಕ್ಕೆ ಚೆಲ್ಲುತ್ತಿದ್ದೆ; ತಾತ ಎದ್ದು ಬಂದು ಪ್ರೀತಿಯಿಂದ ತಲೆಯನ್ನು ಮತ್ತೆ ಮೇಲಿಡುತ್ತಿದ್ದರು.

ಕುಣಿಗಲ್ಲಿನಲ್ಲಿ ನಮ್ಮ ಖಾಲಾ, ಅಂದರೆ ಅಮ್ಮನ ಅಕ್ಕ, ಇದ್ದಳು. ಒಂದು ಸಲ ಅಲ್ಲಿಗೆ ಹೋದಾಗ ನನ್ನ ಗಂಟಲಿಗೆ ಇಣುಕಿ, "ಕಿರುನಾಲ್ಗೆ ಬಿದ್ಬುಟ್ಟದೆ ಕಣೇ, ಎತ್ತಿದ್ರೆ ಸರಿಹೋಯ್ತದೆ" ಎಂದವಳೇ ನನ್ನ ನೆತ್ತಿಯ ಕೂದಲನ್ನು ಹಿಡಿಯಾಗಿ ಹಿಡಿದು ಮೇಲಕ್ಕೆ ಎಳೆದಳು. ಕಿರುನಾಲಿಗೆ ಎದ್ದಿತೋ ಇಲ್ಲವೋ, ನಾನು ಎದ್ದೆ! ಕೆರೆಯ ಏರಿಯವರೆಗೂ ಓಡಿದೆ. ಆ ಸಂಜೆ ಮಲಗಿದಾಗ ಗೊರಕೆ ಇನ್ನೊಂದು ಪಟ್ಟು ಜೋರಾಗಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಖಾಲಾ ಮಾತ್ರ ಸೋಲೊಪ್ಪಲಿಲ್ಲ. "ಕೂದ್ಲು ತೆಳ್ಳಗೈತೆ, ಅದ್ಕೇ ಹಿಡಿತ ಸಿಗ್ಲಿಲ್ಲ" ಎಂದಳಂತೆ.

ಆ ಬೇಸಿಗೆಯಲ್ಲಿ ತಾತನಿಗೆ ತುಮಕೂರಿನ ಒಬ್ಬ ಡಾಕ್ಟರಮ್ಮನ ಮನೆಯಿಂದ ಕರೆ ಬಂತು. ಹಳೆಯ ಹಾಸಿಗೆಗಳನ್ನೆಲ್ಲ ಬಿಚ್ಚಿ, ಹತ್ತಿ ಎಕ್ಕಿ, ಹೊಸದಾಗಿ ತುಂಬಬೇಕು. ನಮ್ಮ ಕಸುಬೇ ಹಾಗೆ, ಹಳೆಯ ಹಾಸಿಗೆ ಅಂಗಡಿಗೆ ಬರುವುದಿಲ್ಲ, ನಾವೇ ಹಾಸಿಗೆಯ ಮನೆಗೆ ಹೋಗಬೇಕು. ಶಾಲೆಗೆ ರಜೆ, ನಾನೂ ಜೊತೆಗೆ ಹೊರಟೆ. ತುಮಕೂರು ಎಂದರೆ ನನಗೆ ಆಗ ದೊಡ್ಡ ಪಟ್ಟಣ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಸಂತೋಷಕ್ಕೆ ತಾತನ ಪೈಜಾಮ ಹಿಡಿದುಕೊಂಡು ಕುಣಿದಿದ್ದೆ. ಡಾಕ್ಟರಮ್ಮನ ಅಂಗಳದ ಮಾವಿನ ಮರದ ಕೆಳಗೆ ತಾತ ಬಿಲ್ಲು ಹೂಡಿದರು. ಹತ್ತಿಯ ಬೆಟ್ಟ ಬೆಳೆಯಿತು, ನಾನು ಅದರ ಮೇಲೆ ಬಿದ್ದು ನಿದ್ದೆ ಹೋದೆ. ಡಾಕ್ಟರಮ್ಮ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದವರು, ತಟ್ಟೆಯ ಮುಂದಿನಿಂದ ಎದ್ದು ಎಡಗೈಯಲ್ಲಿ ಬಾಗಿಲು ತಳ್ಳಿಕೊಂಡು ಹೊರಗೆ ಬಂದರಂತೆ. "ಯಾರದು ಸಾಬ್ರೇ ಆ ಗೊರಕೆ?" ತಾತನಿಗೆ ಹಿಗ್ಗೋ ಹಿಗ್ಗು. "ನಮ್ ಮೊಮ್ಮಗಳು ತಾಯಿ. ನೋಡಿ, ಇನ್ನೂ ತುಂಬೇ ಇಲ್ಲ, ನಿಮ್ ಹತ್ತಿ ರಾಶಿ ಮ್ಯಾಲೆ ಬಿದ್ಕಂಡೇ ಎಂಥಾ ನಿದ್ದೆ! ತುಂಬಿದ್ಮ್ಯಾಲೆ ನೀವೂ ಹಿಂಗೇ ಮಲಗ್ತೀರಾ."

ಡಾಕ್ಟರಮ್ಮ ನಗಲಿಲ್ಲ. ಊಟದ ಕೈಯಲ್ಲೇ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತರು. ಮಕ್ಕಳ ಕಿವಿ, ಮೂಗು, ಗಂಟಲು ನೋಡುವುದೇ ಅವರ ಕೆಲಸವಾಗಿತ್ತು ಎನ್ನುವುದು ತಾತನಿಗೆ ಗೊತ್ತಿರಲಿಲ್ಲ. "ಸಾಬ್ರೇ, ಈ ಮಗು ನಿದ್ದೆ ಮಾಡ್ತಾ ಇಲ್ಲ" ಎಂದರು. ತಾತ ಬಿಲ್ಲು ಕೆಳಗಿಟ್ಟರು. "ಇಷ್ಟ್ ಸದ್ದು ಮಾಡ್ಕಂಡ್ ಮಲಗವ್ಳೆ, ನಿದ್ದೆ ಮಾಡ್ತಿಲ್ಲ ಅಂತೀರಲ್ಲ!" ಡಾಕ್ಟರಮ್ಮ ನನ್ನ ಎದೆಯ ಕಡೆ ಬೆರಳು ತೋರಿಸಿದರು. "ಸದ್ದು ನಿಲ್ತು, ನೋಡಿ. ಎದೆ ಏಳ್ತಾ ಇದೆ, ಗಾಳಿ ಒಳಗೆ ಹೋಗ್ತಾ ಇಲ್ಲ. ಈಗ ಬೆಚ್ಚಿಬಿದ್ದು ಎಳ್ಕೋತಾಳೆ... ಹಾಂ, ಎಳ್ಕೊಂಡ್ಳು. ಹೊತ್ತೆಲ್ಲ ಉಸಿರಿನ ಜೊತೆ ಗುದ್ದಾಡೋದೇ ಆದ್ರೆ ಮಗು ನಿದ್ದೆ ಮಾಡೋದು ಯಾವಾಗ, ಹೇಳಿ?" ಆಮೇಲೆ ನನ್ನನ್ನು ಎಬ್ಬಿಸಿ, ಅಡುಗೆಮನೆಯಿಂದ ಚಮಚ ತರಿಸಿ, ನಾಲಿಗೆ ಒತ್ತಿ, ಬ್ಯಾಟರಿ ಬಿಟ್ಟು ನೋಡಿದರು. ತಾತನಿಗೂ ತೋರಿಸಿದರು. ಗಂಟಲಿನ ಎರಡೂ ಕಡೆ ನೆಲ್ಲಿಕಾಯಿಯಂಥ ಗಡ್ಡೆಗಳು ಒಂದಕ್ಕೊಂದು ತಾಗಿಕೊಂಡು ಕುಳಿತಿದ್ದವು. ಅವು ಟಾನ್ಸಿಲ್. ಮೂಗಿನ ಹಿಂದೆ, ಕಣ್ಣಿಗೆ ಕಾಣದ ಕಡೆ, ಅಡಿನಾಯ್ಡ್ ಎನ್ನುವ ಇನ್ನೊಂದು ಗಡ್ಡೆ ಇರುತ್ತದೆ, ಅದೂ ಊದಿಕೊಂಡಿರಬೇಕು, ಎಕ್ಸ್‌ರೇ ತೆಗೆದರೆ ತಿಳಿಯುತ್ತದೆ ಎಂದರು. ಮಲಗಿದಾಗ ಗಂಟಲು ಸಡಿಲವಾಗಿ ದಾರಿ ಮುಚ್ಚಿಹೋಗುತ್ತದೆ. ಆಪರೇಷನ್ ಮಾಡಿ ತೆಗೆದರೆ ಬಹಳಷ್ಟು ಮಕ್ಕಳಿಗೆ ಗುಣವಾಗುತ್ತದೆ. "ತೂಕಡಿಕೆ, ಹಾಸಿಗೆ ಒದ್ದೆ ಮಾಡೋದು, ಓದು ತಲೆಗೆ ಹೋಗದೇ ಇರೋದು, ಇದೆಯಾ?" ಎಂದು ಕೇಳಿದಾಗ ತಾತ ಕೆಳಗಿಟ್ಟ ಬಿಲ್ಲಿನ ತಂತಿ ಸವರತೊಡಗಿದರಂತೆ. ಎಲ್ಲವೂ ಇತ್ತಲ್ಲ.

 ಬಸ್ಸಿನಲ್ಲಿ ಬರುವಾಗ ತಾತನಿಗೆ ತಮ್ಮ ಕಸುಬಿಗೇ ಯಾರೋ ಕಲ್ಲು ಹೊಡೆದ ಹಾಗಾಗಿತ್ತು. ಮನೆಗೆ ಬಂದು ಅಬ್ಬಾಗೆ ಎಲ್ಲ ಹೇಳಿ, ಕೊನೆಗೆ, "ಗಂಟ್ಲಿಗೆ ಕತ್ತಿ ಇಡೋದು ಬಕ್ರೀದಿನ ಕುರಿಗೆ. ನಮ್ ಅಮ್ಮಣ್ಣಿಗಲ್ಲ" ಎಂದುಬಿಟ್ಟರು. ಅಬ್ಬಾ ತಾತನ ಮಾತು ಮೀರುವವರಲ್ಲ. ಅಮ್ಮ ಬಾಗಿಲಲ್ಲಿ ನಿಂತು, "ಅಮ್ಮಣ್ಣೀ, ಒಂದ್ ಸಲ ಎಕ್ಸ್‌ರೇನಾದ್ರೂ ತೆಗೆಸ್ಬೋದಲ್ವಾ ಅಂತ ತಾತನ್ನ ಕೇಳು" ಎಂದಳು. ತಾತ ನನ್ನನ್ನೇ ನೋಡುತ್ತಾ, "ಇನ್ನೊಂದೇ ಒಂದು ದಿಂಬು ನೋಡಣ ಅಂತ ಹೇಳು" ಎಂದರು. ಆ ಇನ್ನೊಂದು ದಿಂಬನ್ನು ಅವರು ಹೊಲಿದದ್ದನ್ನು ನೀವು ನೋಡಬೇಕಿತ್ತು! ಬೂರುಗದ ಮರದ ಹತ್ತಿ, ರೇಷ್ಮೆಯಷ್ಟು ನುಣುಪು; ಬೀಜ, ಸಿಪ್ಪೆ ಒಂದೂ ಇಲ್ಲದ ಹಾಗೆ ಕೈಯಲ್ಲೇ ಬಿಡಿಸಿದ್ದು. ನೇರಳೆ ಬಣ್ಣದ ಸ್ಯಾಟಿನ್ ಬಟ್ಟೆ, ನಾಲ್ಕು ಮೂಲೆಗೂ ಕುಚ್ಚು. ನವಾಬರ ಮನೆಗೂ ಅಂಥದ್ದು ಹೊಲಿದಿರಲಿಲ್ಲ. ಎತ್ತರವೂ ಹಾಗೆಯೇ ಇತ್ತು, ತಲೆಯಿಟ್ಟರೆ ಗದ್ದ ಎದೆಗೆ ತಾಗುತ್ತಿತ್ತು.

ಶಾಲೆ ಶುರುವಾದ ಮೇಲಿನ ಒಂದು ಮಧ್ಯಾಹ್ನ. ಅಬ್ಬಾ ಚೇಳೂರಿನ ಕಡೆ ಹೋಗಿದ್ದರು. ನಾನು ಆ ದಿಂಬಿನ ಮೇಲೆ ಮಲಗಿದ್ದೆ. ತಾತ ಬೀದಿಯ ಕಡೆ ಮುಖ ಮಾಡಿ ಹತ್ತಿ ಎಕ್ಕುತ್ತಿದ್ದರು, ಅಮ್ಮ ನನ್ನ ಪಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಇದನ್ನು ಆಮೇಲೆ ಇಬ್ಬರೂ ಬೇರೆಬೇರೆಯಾಗಿ ಎಷ್ಟೋ ಸಲ ಹೇಳಿದ್ದರಿಂದ ನಾನೇ ಕಂಡಷ್ಟು ಸ್ಪಷ್ಟವಾಗಿದೆ. ಗೊರಕೆ ನಿಂತಿತು. ಅಮ್ಮ ಕಾದಳು. ಬಿಲ್ಲಿನ ಸದ್ದು ನಡೆದೇ ಇತ್ತು. ನನ್ನ ಪಕ್ಕೆ ಒಳಕ್ಕೆ ಎಳೆದು ಎಳೆದು ಸೋತಿತು, ತುಟಿಯ ಬಣ್ಣ ತಿರುಗಿತು. ಅಮ್ಮ ಭುಜ ಹಿಡಿದು ಅಲುಗಿಸಿದಳು, ಉಸಿರಿಲ್ಲ. ಆಗ ಅವಳ ಬಾಯಿಂದ ಬಂದ ಮಾತು ಇದು: "ಅಮ್ಮಣ್ಣೀ, ತಾತಂಗೆ ಹೇಳು, ಉಸ್ರು..." ಎಷ್ಟೋ ವರ್ಷದ ರೂಢಿ, ನಾಲಿಗೆ ತಾನಾಗಿಯೇ ಆ ದಾರಿ ಹಿಡಿದಿತ್ತು. ಹೇಳಬೇಕಾದವಳು ಅವಳ ಕೈಯಲ್ಲೇ ಉಸಿರಿಲ್ಲದೆ ಬಿದ್ದಿದ್ದಳು. "ಮಾವಾ!" ಎಂದು ಕೂಗಿದಳು. "ಮಾವಾ, ಮಗು! ಬನ್ನಿ ಇಲ್ಲಿ!"

ಸೊಸೆಯ ಗಂಟಲು ಅಷ್ಟು ದೊಡ್ಡದು ಎಂದು ತಾತನಿಗೆ ಅವತ್ತೇ ಗೊತ್ತಾದದ್ದು. ಬಿಲ್ಲು ಎಸೆದು, ಹತ್ತಿಯ ರಾಶಿಯನ್ನು ತುಳಿದುಕೊಂಡು ಬಂದು ನನ್ನನ್ನು ದಿಂಬಿನಿಂದ ಎಳೆದು ಎತ್ತಿ ಕೂರಿಸಿದರು. ಕತ್ತು ಹಿಂದಕ್ಕೆ ವಾಲಿತು, ಗಾಳಿ ಕೊರಕ್ ಎಂದು ಒಳಗೆ ನುಗ್ಗಿತು, ನಾನು ಕೆಮ್ಮಿ ಅಳತೊಡಗಿದೆ. ಅಮ್ಮ ನನ್ನನ್ನು ತಬ್ಬಿಕೊಂಡು, ಸೆರಗು ಜಾರಿದ್ದನ್ನೂ ಗಮನಿಸದೆ, ನೇರವಾಗಿ ತಾತನ ಕಣ್ಣು ನೋಡಿ ಹೇಳಿದಳಂತೆ: "ದಿಂಬು ಸಾಕು ಮಾವ. ನಾಳೆ ಆ ಡಾಕ್ಟ್ರಮ್ಮನ ಹತ್ರ ಹೋಗಣ. ನೀವ್ ಬರ್ದಿದ್ರೆ ನಾನೊಬ್ಳೇ ಕರ್ಕಂಡ್ ಹೋಯ್ತೀನಿ." ತಾತ ತಲೆಗೆ ಟೋಪಿ ಹಾಕಿಕೊಳ್ಳುತ್ತಾ, "ನಾಳೆ ಯಾಕವ್ವ, ಈಗ್ಲೇ ಬಸ್ಸೈತೆ" ಎಂದರು.

ಅಲ್ಲಿಂದ ಮುಂದಿನದೆಲ್ಲ ನನಗೆ ಹಬ್ಬ. ಎಕ್ಸ್‌ರೇಯಲ್ಲಿ ಡಾಕ್ಟರಮ್ಮ ಹೇಳಿದ್ದೇ ಕಂಡಿತು, ಆಪರೇಷನ್ನಿನ ದಿನ ಗೊತ್ತಾಯಿತು. ಗಂಟಲಿನ ಆಪರೇಷನ್ ಆದ ಮೇಲೆ ಐಸ್‌ಕ್ರೀಮ್ ತಿನ್ನಲೇಬೇಕು ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾನು ಶಾಲೆಯಲ್ಲಿ ಡಂಗೂರ ಹೊಡೆದೆ. ಪಕ್ಕದ ಬೆಂಚಿನ ಹುಡುಗಿ ಮನೆಗೆ ಹೋಗಿ, "ನಂಗೂ ಗಂಟ್ಲು ಕುಯ್ಸು" ಎಂದು ಹಟ ಹಿಡಿದು ಏಟು ತಿಂದಳು. ಕುಣಿಗಲ್ಲಿನಿಂದ ಖಾಲಾ ಬಂದಿಳಿದಳು, ನಾನು ನೆತ್ತಿಯ ಮೇಲೆ ಎರಡೂ ಕೈ ಇಟ್ಟುಕೊಂಡೇ ಅವಳ ಮುಂದೆ ಓಡಾಡಿದೆ. ತಾತ ಮಾತ್ರ ಡಾಕ್ಟರಮ್ಮನನ್ನು ಬಿಡದೆ ಒಂದೇ ಪ್ರಶ್ನೆ ಕೇಳಿದ್ದರು: "ಒಳಗೆ ಮಲಗಿಸ್ದಾಗ ತಲೆಗೆ ದಿಂಬು ಎಂಥದ್ದು ಕೊಡ್ತೀರಾ?" ಡಾಕ್ಟರಮ್ಮ, "ತಲೆಗೆ ಎತ್ತರ ಮಾಡಲ್ಲ ಸಾಬ್ರೇ. ಹೆಗಲ ಕೆಳಗೆ ಸಣ್ಣ ಸುರುಳಿ ಇಡ್ತೀವಿ. ಕತ್ತು ಹಿಂದಕ್ಕೆ ಹೋಗತ್ತೆ, ದಾರಿ ತೆರ್ಕೊಳತ್ತೆ" ಎಂದರು. ತಾತ ಮನೆಗೆ ಬಂದು ಆ ನೇರಳೆ ದಿಂಬಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ನಿದ್ದೆಯಲ್ಲಿ ನಾನು ಕತ್ತು ಹಿಂದಕ್ಕೆ ಚೆಲ್ಲುತ್ತಿದ್ದದ್ದು ಯಾಕೆ ಎಂದು ಅವರಿಗೆ ಹೊಳೆದಿತ್ತು. ಅದೇ ಬೂರುಗದ ಹತ್ತಿಯಲ್ಲಿ ನನ್ನ ಹೆಗಲಿನ ಅಳತೆಗೆ ಸುರುಳಿಯಂಥ ಒಂದು ಪುಟ್ಟ ಲೋಡು ದಿಂಬು ಹೊಲಿದರು.

ಆಪರೇಷನ್ನಿನ ಬೆಳಿಗ್ಗೆ ನಾನು ಬರಿಹೊಟ್ಟೆಯಲ್ಲಿ, ಹಸಿರು ಬಟ್ಟೆ ತೊಟ್ಟು, ರಾಣಿಯ ಹಾಗೆ ತಳ್ಳುಗಾಡಿಯ ಮೇಲೆ ಕುಳಿತಿದ್ದೆ. ಥಿಯೇಟರಿನ ಬಾಗಿಲಲ್ಲಿ ತಾತ ಆ ಲೋಡನ್ನು ನರ್ಸಮ್ಮನ ಕೈಗೆ ಕೊಡಲು ಹೋದರು. "ಹೊರಗಿನ ದಿಂಬೆಲ್ಲ ಒಳಗೆ ಬಿಡಲ್ಲ ತಾತ, ಇನ್‌ಫೆಕ್ಷನ್ ಆಗತ್ತೆ." "ಹೊಸ್ದು ಕಣಮ್ಮ, ಬಿಸ್ಲಲ್ಲಿ ಒಣಗ್ಸಿವ್ನಿ." "ಎಷ್ಟ್ ಒಣಗ್ಸಿದ್ರೂ ಅಷ್ಟೇ." ತಾತ ಅದನ್ನು ಎದೆಗೆ ಒತ್ತಿಕೊಂಡು ಬೆಂಚಿನ ಮೇಲೆ ಕುಳಿತರು. ಒಳಗೆ ಮುಖಕ್ಕೆ ಕಪ್ಪು ರಬ್ಬರಿನ ಬಟ್ಟಲು ತಂದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು. ಡಾಕ್ಟರಮ್ಮ ತಲೆ ಸವರಿ, "ದಿಂಬು ಹೇಗೆ ತುಂಬೋದು, ನಂಗೆ ಹೇಳ್ಕೊಡು" ಎಂದರು. ನಾನು ಗತ್ತಿನಿಂದ, "ಫಸ್ಟು ಮೂಲೆ ತುಂಬ್ಬೇಕು. ಮೂಲೆ ಬಿಟ್ರೆ ಆಮೇಲೆ ಎಷ್ಟ್ ತುಂಬಿದ್ರೂ..." ಎಂದೆ. ಅಷ್ಟೇ ನೆನಪು.

ಎದ್ದಾಗ ಗಂಟಲಲ್ಲಿ ಕೆಂಡ. ಬೆರಳಿಗೆ ಕೆಂಪು ದೀಪದ ಚಿಮಟ, ಪಕ್ಕದಲ್ಲಿ ಪೀಂ ಪೀಂ ಎನ್ನುವ ಪೆಟ್ಟಿಗೆ. ಐಸ್‌ಕ್ರೀಮ್ ಬಂತು. ಊರಿಗೆಲ್ಲ ಸಾರಿದ್ದ ಆ ಐಸ್‌ಕ್ರೀಮಿನ ಮೊದಲ ಚಮಚ ನುಂಗಲಾಗದೆ ಅತ್ತುಬಿಟ್ಟೆ. ಕಿವಿಯವರೆಗೂ ನೋವು. ತಾತ ತಾವೇ ಒಂದು ಚಮಚ ಬಾಯಿಗಿಟ್ಟು, ಹಲ್ಲು ಜುಂ ಎಂದು ಮುಖ ಕಿವುಚಿದ್ದನ್ನು ನೋಡಿ ನಕ್ಕು, ನಕ್ಕಿದ್ದಕ್ಕೆ ನೋವಾಗಿ ಮತ್ತೆ ಅತ್ತೆ. ಗೊರಕೆ ಆಗಲೂ ಇತ್ತು. ಒಳಗಿನ ಊತ ಇಳಿಯಲು ಸಮಯ ಬೇಕು, ರಕ್ತ ಕಂಡರೆ ಮಾತ್ರ ಓಡಿ ಬನ್ನಿ ಎಂದು ಹೇಳಿ ಮನೆಗೆ ಕಳಿಸಿದರು. ಮನೆಯಲ್ಲಿ ತಣ್ಣನೆಯ ಗಂಜಿ, ಮಜ್ಜಿಗೆ. ತಾತ ದಿನವೂ ಗೊರಕೆ ಆಲಿಸುತ್ತಾ, "ಇನ್ನೂ ಐತೆ" ಎಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದರು. ನೇರವಾಗಿ ಅಮ್ಮನಿಗೇ.

ಆಮೇಲೊಂದು ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಸಿ ಬಂದ ತಾತ ಬಿಲ್ಲು ಕೈಗೆತ್ತಿಕೊಂಡು, ಹೊಡೆಯದೆ ಕುಳಿತರು. ಮನೆಯಲ್ಲಿ ಏನೋ ಸರಿಯಿಲ್ಲ ಎನ್ನಿಸಿತಂತೆ. ಹಿಂತಿರುಗಿ ನೋಡಿದರೆ ನಾನು ಮಗ್ಗುಲಾಗಿ, ಬಾಯಿ ಮುಚ್ಚಿಕೊಂಡು ಮಲಗಿದ್ದೆ. ಸದ್ದೇ ಇಲ್ಲ. "ಅಯ್ಯೋ, ಮಗು ಹೋಯ್ತು! ಬಾರವ್ವ!" ಎಂದು ಚೀರಿದ್ದಕ್ಕೆ ಅಮ್ಮ ಸಾರಿನ ಸೌಟು ಹಿಡಿದೇ ಓಡಿ ಬಂದಳು, ಪಕ್ಕದ ಸೈಕಲ್ ಶಾಪಿನವರು ಬಂದರು, ಬೀದಿಯೇ ಬಂತು. ತಾತ ಮೀಸೆಯಿಂದ ಒಂದು ಎಳೆ ಹತ್ತಿ ಕಿತ್ತು ನನ್ನ ಮೂಗಿನ ಮುಂದೆ ಹಿಡಿದರು. ಹತ್ತಿ ಮೆಲ್ಲಗೆ ಆಚೆ ಹೋಯಿತು, ಈಚೆ ಬಂತು. ಮತ್ತೆ ಆಚೆ, ಮತ್ತೆ ಈಚೆ. ಎಲ್ಲರೂ ಅದನ್ನೇ ನೋಡುತ್ತಾ ನಿಂತಿದ್ದರಂತೆ. ಅಮ್ಮ ಅಲ್ಲೇ ನೆಲಕ್ಕೆ ಕುಸಿದು ನಗತೊಡಗಿದಳು. "ನಿದ್ದೆ ಮಾವ. ನಿದ್ದೆ ಮಾಡ್ತಾವ್ಳೆ." ಗದ್ದಲಕ್ಕೆ ಎಚ್ಚರವಾದ ನಾನು ಸುತ್ತ ನಿಂತ ಜನರನ್ನು ನೋಡಿ ಕೇಳಿದ್ದು ಒಂದೇ: "ಹಸೀತೈತೆ. ಏನಿದೆ?" ತಲೆನೋವು ಇರಲಿಲ್ಲ. ಕಿಟಕಿಯ ಬಿಸಿಲು ಅಷ್ಟು ಚೂಪಾಗಿ, ಬಣ್ಣಗಳೆಲ್ಲ ಅಷ್ಟು ಗಾಢವಾಗಿ ಕಂಡದ್ದು ನನಗೆ ಈಗಲೂ ನೆನಪಿದೆ. ಜಗತ್ತನ್ನು ಯಾರೋ ತೊಳೆದು ಒಣಗಿಸಿದ್ದರು!

ಹಾಸಿಗೆ ಒದ್ದೆಯಾಗುವುದು ಬರುಬರುತ್ತಾ ನಿಂತಿತು. ಮೈ ತುಂಬಿಕೊಂಡೆ. ಕೂಡಿಸುವ ಲೆಕ್ಕ ತಲೆಗೆ ಹೋಯಿತು, ಗುಣಾಕಾರ ಹೋಯಿತು, ಮುಂದೆ ಬೀಜಗಣಿತವೂ ಹೋಯಿತು. ಹತ್ತನೇ ಕ್ಲಾಸಿನಲ್ಲಿ ಗಣಿತಕ್ಕೆ ಶಾಲೆಗೇ ಮೊದಲು ಬಂದಾಗ ಮೂರನೇ ಕ್ಲಾಸಿನ ಅದೇ ಟೀಚರು ದಾರಿಯಲ್ಲಿ ನಿಲ್ಲಿಸಿ ನನ್ನ ಕೈ ಕುಲುಕಿದರು. ಓದಿದ್ದು ನಾನೇ, ಸೀಮೆಎಣ್ಣೆ ಬುಡ್ಡಿಯಲ್ಲಿ ಕಣ್ಣು ಸುಟ್ಟುಕೊಂಡದ್ದೂ ನಾನೇ. ಆದರೆ ಓದಲು ಎಚ್ಚರವಾಗಿರುವ ತಲೆಯೊಂದು ಬೇಕಲ್ಲ, ಅದನ್ನು ಕೊಡಿಸಿದ್ದು ಅಮ್ಮನ ಆ ಒಂದು ಕೂಗು. ಅಷ್ಟರಲ್ಲಿ ಊರಿಗೆ ಫೋಮಿನ ಹಾಸಿಗೆಗಳು ಬಂದವು. ಹತ್ತಿ ಎಕ್ಕಿಸುವವರು ಕಡಿಮೆಯಾದರು. ನಾನು ಡಿಗ್ರಿಯಲ್ಲಿದ್ದಾಗ ತಾತ ಹೋದರು. ನನಗೆ ಕೆಲಸ ಸಿಕ್ಕಿದ್ದನ್ನು ನೋಡಿಕೊಂಡು, ಕೆಲವು ವರ್ಷಗಳ ಕೆಳಗೆ, ಅಮ್ಮನೂ ಹೋದಳು. ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ.

ಅಬ್ಬಾ ನನ್ನ ಜೊತೆ ತುಮಕೂರಿನಲ್ಲಿದ್ದಾರೆ. ಅವರು ಹೇಳುವ ಒಂದು ಸಂಗತಿಯನ್ನು ನಾನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತೇನೆ. ಆ ಶುಕ್ರವಾರದ ನಂತರ ಮಧ್ಯಾಹ್ನ ನಾನು ಮಲಗಿದಾಗಲೆಲ್ಲ ತಾತ ಒಂದು ಕಡೆ, ಅಮ್ಮ ಇನ್ನೊಂದು ಕಡೆ ಬಂದು ಕೂರುತ್ತಿದ್ದರಂತೆ. ಮೊದಮೊದಲು ಉಸಿರು ಸರಿಯಾಗಿದೆಯೇ ಎಂದು ನೋಡಲು. ಆಮೇಲೆ ಅದರ ಅಗತ್ಯ ಉಳಿಯಲಿಲ್ಲ, ಆದರೂ ಕೂರುತ್ತಿದ್ದರು. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದೂ ಒಬ್ಬರಿಗೊಬ್ಬರು ನೇರವಾಗಿ ಆಡದೆ ಉಳಿಸಿಕೊಂಡಿದ್ದ ಮಾತನ್ನೆಲ್ಲ, ನನಗೆ ಎಚ್ಚರವಾಗದ ಹಾಗೆ ದನಿ ತಗ್ಗಿಸಿ ಆಡಿಕೊಳ್ಳುತ್ತಿದ್ದರಂತೆ. ಅಬ್ಬಾ ಕೆಲಸದಿಂದ ಬಂದು ಸೈಕಲ್ಲು ನಿಲ್ಲಿಸಿದರೆ ಇಬ್ಬರೂ ಸುಮ್ಮನಾಗುತ್ತಿದ್ದರಂತೆ. "ಏನ್ ಮಾತಾಡ್ತಿದ್ರು ಅಬ್ಬಾ?" ಎಂದು ಕೇಳಿದರೆ, "ನಂಗೇನ್ ಗೊತ್ತವ್ವ? ನೀನಲ್ವಾ ಮಧ್ಯದಲ್ಲಿದ್ದೋಳು" ಎನ್ನುತ್ತಾರೆ. ಹೌದು, ಮಧ್ಯದಲ್ಲಿದ್ದವಳು ನಾನೇ. ಒಂದು ಮಾತೂ ನನಗೆ ಕೇಳಿಸಲಿಲ್ಲ. ಅಷ್ಟು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.